ಗೂಡಿನ ಮುಂದೆ ಒಂದು ಪ್ರಶ್ನೆ

ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ರೇಷ್ಮೆಗೂಡು ನೋಡದೆ ಬೆಳೆದ ಮಕ್ಕಳು ಇಲ್ಲಿ ಕಡಿಮೆ. ಆದರೆ ಒಂದು ಗೂಡು ಕೈಯಲ್ಲಿ ಹಿಡಿದು, ಇದರ ಎಳೆಯ ತುದಿ ಎಲ್ಲಿದೆ ಅಂತ ಹುಡುಕಿದ್ದೀರಾ?

ಸುಮ್ಮನೆ ಎಳೆದರೆ ಬಿಚ್ಚಲ್ಲ. ಹುಳು ಎಳೆಯ ಜೊತೆ ಸೆರಿಸಿನ್ ಅನ್ನೋ ಅಂಟನ್ನೂ ಬಿಟ್ಟಿರುತ್ತೆ. ಬಿಸಿನೀರಲ್ಲಿ ಆ ಅಂಟು ಮೆತ್ತಗಾಗುತ್ತೆ. ಆಮೇಲೆ ಒಂದೇ ಗೂಡಿನಿಂದ ನೂರಾರು ಮೀಟರ್ ಎಳೆ! ನೀರು ಎಷ್ಟು ಕಾದಿರಬೇಕು, ಎಳೆ ಕಡಿದರೆ ಏನು ಮಾಡ್ತೀರಿ ಅಂತ ನೂಲು ಬಿಚ್ಚುವವರನ್ನೇ ಕೇಳಿ. ಅವರ ಬೆರಳಿಗೆ ಗೊತ್ತಿರೋದು ಪುಸ್ತಕದಲ್ಲಿ ಪೂರ್ತಿ ಸಿಗಲ್ಲ.

ಹೀಗೆ ಕೇಳಿ ಕಲಿಯೋದು ವಿಜ್ಞಾನಿಗಳಿಗೂ ಬೇಕು. 1865ರಲ್ಲಿ ಫ್ರಾನ್ಸಿನ ರೇಷ್ಮೆ ಬೆಳೆಗಾರರು ಹುಳುಗಳಿಗೆ ಬಂದ ಗಂಟುರೋಗದಿಂದ ಕಂಗಾಲಾಗಿದ್ದರು. ಅಲ್ಲಿಗೆ ಹೋದ ವಿಜ್ಞಾನಿ ಲೂಯಿ ಪಾಶ್ಚರ್‌ಗೆ ರೇಷ್ಮೆಹುಳುವೇ ಹೊಸದು. ಕೇಳಿದರು, ವರ್ಷಗಟ್ಟಲೆ ನೋಡಿದರು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗ ಕಂಡರೆ ಆ ಮೊಟ್ಟೆ ಕೈಬಿಡುವ ಕ್ರಮ ತಂದರು. ನಮ್ಮ ರೇಷ್ಮೆ ಮೊಟ್ಟೆ ಕೇಂದ್ರಗಳಲ್ಲಿ ಇವತ್ತಿಗೂ ತಾಯಿಚಿಟ್ಟೆ ಪರೀಕ್ಷೆ ನಡೆಯುತ್ತೆ.

ನೀವೂ ಹಾಗೇ ನೋಡಬಹುದು. ಮನೇಲಿ ಹುಳು ಸಾಕಿದ್ದರೆ ಒಂದು ನೋಟ್‌ಬುಕ್ ಇಡಿ. ದಿನಾ ಹುಳುವಿನ ಚಿತ್ರ ಬರೀರಿ. ಚಿತ್ರ ಚೆನ್ನಾಗಿರಬೇಕು ಅಂತೇನಿಲ್ಲ; ಬರೆಯೋಕೆ ಕೂತಾಗ ಕಣ್ಣು ನಿಂತು ನೋಡುತ್ತೆ, ಅದು ಮುಖ್ಯ. ಜ್ವರಕ್ಕೆ, ಅಂದ್ರೆ ಪೊರೆ ಬಿಡೋಕೆ, ಕೂತಾಗ ತಲೆ ಹೇಗಿತ್ತು? ನಾಲ್ಕು ಜ್ವರ ದಾಟಿ ಹಣ್ಣಾದಾಗ (ಗೂಡು ಕಟ್ಟೋಕೆ ಸಿದ್ಧವಾದಾಗ) ಬಣ್ಣ ಏನಾಯ್ತು? ಉತ್ತರ ಸಿಗದ ಪ್ರಶ್ನೆಗೂ ತಾರೀಖು ಹಾಕಿಡಿ. ಹುಳು ಸಾಕದವರು ಅಂಗಳದ ಇರುವೆ ಸಾಲಿನಿಂದ ಶುರು ಮಾಡಬಹುದು.

ಮೊದಲ ಪ್ರಶ್ನೆ ನನ್ನದು. ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಟ್ಟ ಹುಳು ಗೂಡು ಕಟ್ಟುವಾಗ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತೆ. ಯಾಕೆ? ನೋಡಿ, ಯೋಚಿಸಿ, ಕಾಮೆಂಟ್‌ನಲ್ಲಿ ಬರೀರಿ.