ಎಳೆಗುದುರೆಗೆ ಜೀನು ಬಿಗಿಯುವ ಕಾಲ

ಬೌರಿಂಗ್‌ಪೇಟೆಯೆಂದು ಅಂದು ಕರೆಯಿಸಿಕೊಳ್ಳುತ್ತಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ 1894ರಲ್ಲಿ ರೈಲಿನ ಕವಲುದಾರಿ ತೆರೆದು, ಕೋಲಾರದ ಚಿನ್ನದ ಗಣಿಗಳಿಗೆ ಬೇಕಾದ ಸಾಮಗ್ರಿಯೂ ಜನರೂ ಉಗಿಬಂಡಿಯಲ್ಲಿಯೇ ಸಾಗತೊಡಗಿದ ಮೇಲೆಯೂ, ನಿಲ್ದಾಣದಿಂದ ಮನೆಯ ಬಾಗಿಲಿನವರೆಗಿನ ದಾರಿಯು ಬಹುಕಾಲ ಕುದುರೆಯ ಪಾಲಿಗೇ ಉಳಿದಿತ್ತು. ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ ಜಟಕಾ ಏರಿ ಕುಳಿತವರಿಗೆ, ಗಾಡಿ ಹೊರಡುವ ಮುನ್ನ ಜಟಕಾ ಹೊಡೆಯುವ ಸಾಬರು ಹಿಂದಿರುಗಿ ನೋಡಿ, “ಸ್ವಾಮೀ, ಇನ್ನೊಂದು ಚೂರು ಮುಂದಕ್ಕೆ ಸರೀರಿ” ಎಂದು ಹೇಳುತ್ತಿದ್ದುದು ನೆನಪಿದ್ದೀತು. ಜಟಕಾಕ್ಕೆ ಇರುವುದು ಎರಡೇ ಚಕ್ರ. ಅಚ್ಚಿನ ಮುಂದೆ ಭಾರ ಹೆಚ್ಚಿದರೆ ಮೂಕಿಗಳು ಕುದುರೆಯ ಬೆನ್ನನ್ನು ಅದುಮುವುವು, ಹಿಂದೆ ಹೆಚ್ಚಿದರೆ ಮೇಲೆದ್ದು ಹೊಟ್ಟೆಯ ಪಟ್ಟಿಯನ್ನು ಬಿಗಿಯುವುವು. ಸಮತೂಕದ ಗಾಡಿಗೆ ಕಟ್ಟಿದ ಕುದುರೆ ತನ್ನ ಹೆಗಲಿನಿಂದ ಎಳೆಯುತ್ತದೆ, ಅಷ್ಟೆ. ತೂಕ ತಪ್ಪಿದ ಗಾಡಿಗೆ ಕಟ್ಟಿದ ಕುದುರೆ ಎಳೆಯುವುದರ ಜೊತೆಗೆ ಹೊರಲೂ ಬೇಕಾಗುತ್ತದೆ.

ಎಳೆಯುವುದಕ್ಕೂ ಹೊರುವುದಕ್ಕೂ ಇರುವ ಈ ಅಂತರವು ಎಳೆಗುದುರೆಯ ವಿಷಯದಲ್ಲಿ ಅತ್ಯಂತ ಮುಖ್ಯವಾದುದು. ಕುದುರೆಯ ಬೆನ್ನು ಎಂದು ಜೀನನ್ನು ಕಾಣಬೇಕು, ಎಂದು ಮನುಷ್ಯನನ್ನು ಹೊರಬೇಕು ಎಂಬ ಪ್ರಶ್ನೆ ಈ ಸೀಮೆಗೆ ಹೊಸದೂ ಅಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಬಲದ ಬಹುಪಾಲು ಅವನ ರಾವುತರಲ್ಲಿತ್ತು. ಟಿಪ್ಪುವಿನ ಕಾಲದಲ್ಲಿ ದಂಡಿಗಾಗಿ ಕುಣಿಗಲ್ಲಿನಲ್ಲಿ ಕುದುರೆಗಳನ್ನು ಬೆಳೆಸುತ್ತಿದ್ದರು. 1918ರ ಸೆಪ್ಟೆಂಬರ್ 23ರಂದು ಮೈಸೂರಿನ ಲ್ಯಾನ್ಸರುಗಳು ಜೋಧಪುರದವರೊಡಗೂಡಿ ಹೈಫಾ ನಗರವನ್ನು ಕುದುರೆಯ ಮೇಲೆಯೇ ಗೆದ್ದರು. ರಾವುತನ ಪ್ರಾಣವು ಕುದುರೆಯ ಕಾಲುಗಳನ್ನು ನೆಚ್ಚಿಕೊಂಡಿದ್ದುದರಿಂದ, ಎಲುಬು ಬಲಿಯದ ಮರಿಯನ್ನು ದಂಡಯಾತ್ರೆಗೆ ಒಯ್ಯುವ ಅವಿವೇಕಕ್ಕೆ ಸೈನ್ಯಗಳು ಸಾಮಾನ್ಯವಾಗಿ ಕೈಹಾಕುತ್ತಿರಲಿಲ್ಲ. ಒಂದೇ ಮರಿಯನ್ನು ಕೊಂಡು ತಂದ ಬಡವನಿಗಾದರೋ ಅಂಥ ತಾಳ್ಮೆ ದುಬಾರಿಯಾದುದು. ಮರಿ ತಿನ್ನುವ ಹುರುಳಿ ಇಂದಿನ ಖರ್ಚು, ಅದು ತರುವ ಬಾಡಿಗೆ ನಾಳೆಯ ಮಾತು.

ಕೊಳ್ಳುವವನು ಮೊದಲು ನೋಡುವುದು ಹಲ್ಲು. ಅದು ಸರಿಯಾದ ಕ್ರಮವೇ. ಮುಂಬಾಯಿಯ ಹಾಲುಹಲ್ಲುಗಳು ಚಿಕ್ಕವು, ಹಾಲಿನಂತೆ ಬೆಳ್ಳಗಿರುವುವು, ಒಸಡಿನ ಬಳಿ ಕಿರಿದಾಗಿರುವುವು. ಅವುಗಳ ಸ್ಥಾನದಲ್ಲಿ ಬರುವ ಶಾಶ್ವತ ದಂತಗಳು ಅಗಲವಾಗಿಯೂ ತುಸು ಹಳದಿಯಾಗಿಯೂ ಇರುವುವು. ನಡುವಿನ ಜೋಡಿ ಸುಮಾರು 2½ ವರ್ಷಕ್ಕೂ, ಅದರ ಪಕ್ಕದ್ದು 3½ಕ್ಕೂ, ಬದಿಯದು 4½ಕ್ಕೂ ಬದಲಾಗಿ, 5 ತುಂಬುವ ವೇಳೆಗೆ ಬಾಯಿ ಪೂರ್ಣವಾಗುತ್ತದೆ. ಆದರೆ ಹಲ್ಲು ನೋಡುವಷ್ಟು ವ್ಯವಧಾನವಿಲ್ಲದವನು ಎತ್ತರವನ್ನು ನೋಡಿ ಮೋಸಹೋಗುತ್ತಾನೆ; ಏಕೆಂದರೆ 2 ವರ್ಷದ ಮರಿಯು ತಾನು ಮುಂದೆ ಮುಟ್ಟಲಿರುವ ಎತ್ತರದಲ್ಲಿ ನೂರಕ್ಕೆ 95ರಷ್ಟನ್ನು ಆಗಲೇ ಮುಟ್ಟಿರುತ್ತದೆ. ಹೊರಗಿನಿಂದ ಅದು ಪ್ರಾಯದ ಕುದುರೆ; ಒಳಗಿನ ಅಸ್ಥಿಪಂಜರವು ಇನ್ನೂ ಅರ್ಧ ಕಟ್ಟಿದ ಸ್ಥಿತಿಯಲ್ಲಿದೆ.

ಎಲುಬು ಉದ್ದವಾಗಿ ಬೆಳೆಯುವುದು ಅದರ ತುದಿಗಳ ಹತ್ತಿರವಿರುವ ಮೃದ್ವಸ್ಥಿಯ ತೆಳುವಾದ ಫಲಕಗಳಲ್ಲಿ. ಆ ಫಲಕಗಳಲ್ಲಿ ಹೊಸ ಕಣಗಳು ಹುಟ್ಟಿ, ಸಾಲುಗಟ್ಟಿ, ಸುಣ್ಣ ತುಂಬಿಕೊಂಡು ಎಲುಬಾಗುತ್ತ ಹೋಗುತ್ತವೆ. ಬೆಳವಣಿಗೆ ಮುಗಿದಾಗ ಫಲಕವೇ ಎಲುಬಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳುವ ಮುನ್ನ ಅದು ಎಲುಬಿನಲ್ಲಿ ಅತ್ಯಂತ ದುರ್ಬಲವಾದ ಸ್ಥಳ. ಪ್ರಕೃತಿಯು ಈ ಕೆಲಸವನ್ನು ಸ್ಥೂಲವಾಗಿ ಕೆಳಗಿನಿಂದ ಮೇಲಕ್ಕೆ ಮುಗಿಸುತ್ತ ಬರುತ್ತದೆಂಬುದು ಗಮನಾರ್ಹ. ಗೊರಸಿನ ಮೇಲಿರುವ ಗಿಡ್ಡ ಎಲುಬುಗಳು ಒಂದು ವರ್ಷದೊಳಗಾಗಿ ಬಲಿಯುತ್ತವೆ. ಮುಂಗಾಲಿನ ಮಂಡಿಯ ಮೇಲ್ಭಾಗದ ಫಲಕವು ಮುಚ್ಚಲು 2ರಿಂದ 2½ ವರ್ಷ ಹಿಡಿಯುತ್ತದೆ. ತೋಳು ತೊಡೆಗಳ ದೊಡ್ಡ ಎಲುಬುಗಳ ಮೇಲ್ತುದಿಗಳು 3 ವರ್ಷದಿಂದ 3½ ವರ್ಷದವರೆಗೂ ತೆರೆದಿರುತ್ತವೆ. ಎಲ್ಲಕ್ಕಿಂತ ಕಡೆಗೆ, ಸುಮಾರು 5 ವರ್ಷಕ್ಕೋ ಅದಕ್ಕೂ ತುಸು ತಡವಾಗಿಯೋ, ಬೆನ್ನೆಲುಬಿನ ಕಶೇರುಕಗಳು ತಮ್ಮ ಬೆಳವಣಿಗೆಯನ್ನು ಮುಗಿಸುತ್ತವೆ. ಅಂದರೆ, ಯಾವ ಸ್ಥಳದ ಮೇಲೆ ನಾವು ಜೀನನ್ನಿಡಲು ಆತುರಪಡುತ್ತೇವೆಯೋ ಆ ಸ್ಥಳವೇ ಇಡೀ ದೇಹದಲ್ಲಿ ಎಲ್ಲಕ್ಕೂ ತಡವಾಗಿ ಬಲಿಯುತ್ತದೆ.

ಆ ಬೆನ್ನಿನ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಕ್ಕೆಲುಬುಗಳನ್ನು ಹೊತ್ತ 18 ಕಶೇರುಕಗಳು, ಅವುಗಳ ಹಿಂದೆ ಸಾಮಾನ್ಯವಾಗಿ 6 ಸೊಂಟದ ಕಶೇರುಕಗಳು; ಸವಾರ ಕುಳಿತುಕೊಳ್ಳುವುದು ಮೊದಲ ಗುಂಪಿನ ಹಿಂಭಾಗದ ಮೇಲೆ, ಕೆಳಗಿನಿಂದ ಯಾವ ಕಂಬದ ಆಸರೆಯೂ ಇಲ್ಲದ ಜಾಗದಲ್ಲಿ. ಮನುಷ್ಯನಿಗಿರುವಂತೆ ಕುದುರೆಗೆ ಕೊರಳೆಲುಬಿಲ್ಲವಾದುದರಿಂದ, ಮುಂಗಾಲುಗಳಿಗೂ ಮುಂಡಕ್ಕೂ ಎಲುಬಿನ ಕೀಲೇ ಇಲ್ಲ. ಇಡೀ ಎದೆಗೂಡು ಎರಡು ಹೆಗಲ ಹಲಗೆಗಳ ನಡುವೆ ಸ್ನಾಯುಗಳ ಬಲದಿಂದ, ತೊಲೆಗೆ ಕಟ್ಟಿದ ಜೋಲಿಯ ಹಾಗೆ, ತೂಗಿಕೊಂಡಿದೆ. ನಿಂತ ಕುದುರೆಯ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಸವಾರನು ಹತ್ತಿದೊಡನೆ ಅದು ಇನ್ನೂ ಹೆಚ್ಚುತ್ತದೆ. ಪಳಗಿದ ಕುದುರೆಯು ಹೊಟ್ಟೆಯ ಸ್ನಾಯುಗಳನ್ನು ಬಿಗಿದು, ಹಿಂಗಾಲುಗಳನ್ನು ಮೈಯ ಕೆಳಗೆ ತಂದು, ಬೆನ್ನನ್ನು ಎತ್ತಿ ಹಿಡಿದು ಈ ಭಾರವನ್ನು ನಿರ್ವಹಿಸುತ್ತದೆ. ಎಳೆಯ ಮರಿಗೆ ಆ ಸ್ನಾಯುಗಳೂ ಇಲ್ಲ, ಆ ಕೌಶಲವೂ ಇಲ್ಲ. ಅದು ಬೆನ್ನನ್ನು ಕೆಳಕ್ಕೆ ಬಿಟ್ಟು, ಕೊರಳನ್ನೆತ್ತಿ, ನೋವನ್ನು ನುಂಗಿಕೊಂಡು ನಡೆಯುತ್ತದೆ. ಅದನ್ನು ನೋಡಿ ಒಡೆಯನು ಮರಿ ಸಾಧುವಾಯಿತೆಂದು ಸಂತೋಷಪಡುವುದನ್ನು ಕಂಡಾಗ ನನಗೆ ವ್ಯಸನವಾಗುತ್ತದೆ.

ಹಾಗಾದರೆ 5 ವರ್ಷ ತುಂಬುವವರೆಗೆ ಮರಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿ ಸಾಕಬೇಕೋ ಎಂದರೆ, ಅದು ಇನ್ನೊಂದು ಬಗೆಯ ಅಪಚಾರ. ಎಲುಬು ತನ್ನ ಮೇಲೆ ಬೀಳುವ ಒತ್ತಡಕ್ಕೆ ಅನುಗುಣವಾಗಿ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆಂಬ ತತ್ತ್ವವನ್ನು ಜರ್ಮನಿಯ ಯೂಲಿಯಸ್ ವೋಲ್ಫ್ ಎಂಬ ವೈದ್ಯನು 1892ರಲ್ಲಿಯೇ ಪ್ರತಿಪಾದಿಸಿದನು. ಓಡಾಡದೆ ಬೆಳೆದ ಮರಿಯ ಎಲುಬು ಓಡಾಡಿ ಬೆಳೆದ ಮರಿಯ ಎಲುಬಿನಷ್ಟು ಗಟ್ಟಿಯಾಗಲಾರದು. ನ್ಯೂಜಿಲೆಂಡಿನಲ್ಲಿ ಪಂದ್ಯದ ಕುದುರೆಗಳ ಬಗ್ಗೆ ನಡೆದ ಅಧ್ಯಯನಗಳಲ್ಲಿ, 2 ವರ್ಷಕ್ಕೇ ತರಬೇತಿ ಆರಂಭಿಸಿದವುಗಳು ತಡವಾಗಿ ಆರಂಭಿಸಿದವುಗಳಿಗಿಂತ ಹೆಚ್ಚು ಕಾಲ ಓಡಿದುದೂ ಕಂಡುಬಂದಿದೆ. ಈ ಸಂಗತಿಯನ್ನು ಮುಂದಿಟ್ಟುಕೊಂಡು 2 ವರ್ಷದ ತಟ್ಟುವಿಗೆ ಜೀನು ಹಾಕುವವರು ಒಂದು ಲೆಕ್ಕವನ್ನು ಮರೆಯುತ್ತಾರೆ. ಪಂದ್ಯದ ಕುದುರೆಯ ತೂಕ ಸಾಮಾನ್ಯವಾಗಿ 450 ಕಿಲೋಗ್ರಾಮಿಗೆ ಕಡಮೆಯಿಲ್ಲ, ಅದರ ಜಾಕಿಯ ತೂಕ 50ರ ಆಸುಪಾಸು. ಅದು ಓಡುವುದು ಹದವಾದ ನೆಲದ ಮೇಲೆ, ಸ್ವಲ್ಪ ಹೊತ್ತು, ಪಶುವೈದ್ಯನ ಕಣ್ಣೆದುರಿಗೆ. ಅಷ್ಟಾದರೂ ಎಳೆಯ ಪಂದ್ಯದ ಕುದುರೆಗಳಲ್ಲಿ ಮುಂಗಾಲಿನ ನಳಿಗೆ ಎಲುಬು ಬಾತು ನೋಯುವ ವ್ಯಾಧಿ ಸರ್ವಸಾಧಾರಣ. ನಮ್ಮ ತಟ್ಟುವಿನ ತೂಕವಾದರೋ 250 ಕಿಲೋ ಇದ್ದರೆ ಹೆಚ್ಚು. ಬಲಿತ ಕುದುರೆಗೂ ಜೀನು ಸೇರಿ ತನ್ನ ತೂಕದ ಐದನೆಯ ಒಂದು ಪಾಲಿಗಿಂತ ಅಧಿಕ ಭಾರ ಸಲ್ಲದೆಂಬ ನಿಯಮದ ಪ್ರಕಾರ, ಅದು 50 ಕಿಲೋಗ್ರಾಮಿನ ಮೇಲೆ ಹೊರಬಾರದು. ಪ್ರಾಯದ ಗಂಡಸೊಬ್ಬನು ಹತ್ತಿದರೆ ಆ ಮಿತಿ ಅಲ್ಲಿಗೇ ದಾಟಿತು.

ಆದುದರಿಂದ ಮರಿಯ ಶಿಕ್ಷಣ ಬೇಗನೆ ಆರಂಭವಾಗಲಿ, ಭಾರ ತಡವಾಗಿ ಬರಲಿ. ಮೊದಲ ವರ್ಷದಿಂದಲೇ ಕಾಲೆತ್ತಿ ಗೊರಸು ತೋರಿಸುವುದನ್ನೂ, ಹಗ್ಗ ಹಿಡಿದವನೊಡನೆ ನಡೆಯುವುದನ್ನೂ ಕಲಿಸಬೇಕು. ಗ್ರೀಸಿನ ಕ್ಸೆನೊಫೋನನು ಎರಡು ಸಾವಿರ ವರ್ಷಗಳಿಗೂ ಹಿಂದೆ ಅಶ್ವವಿದ್ಯೆಯ ಕುರಿತು ಬರೆಯುತ್ತ, ಮರಿಯನ್ನು ಜನಸಂದಣಿಯ ನಡುವೆ ನಡೆಸಿಕೊಂಡು ಹೋಗಿ ಸದ್ದುಗದ್ದಲಕ್ಕೆ ಒಗ್ಗಿಸಬೇಕೆಂದು ಹೇಳಿದನು. ರೈಲಿನ ಸಿಳ್ಳು, ಲಾರಿಯ ಹಾರನ್ನು, ಸಂತೆಯ ಕೂಗು ಇವೆಲ್ಲವೂ ಇರುವ ಬಂಗಾರಪೇಟೆಯಲ್ಲಿ ಇದಕ್ಕೆ ಕೊರತೆಯೇನಿಲ್ಲ. ಎರಡನೆಯ ವರ್ಷ ಕಳೆದ ಮೇಲೆ ಕಡಿವಾಣವನ್ನೂ ಬರಿಯ ಜೀನನ್ನೂ ಪರಿಚಯಿಸಬಹುದು. ಉದ್ದನೆಯ ಹಗ್ಗದಲ್ಲಿ ಸುತ್ತು ತಿರುಗಿಸುವುದಾದರೆ ಸುತ್ತು ದೊಡ್ಡದಾಗಿರಲಿ, ಹೊತ್ತು ಚಿಕ್ಕದಾಗಿರಲಿ, ಏಕೆಂದರೆ ಬಿಗಿಯಾದ ತಿರುವಿನಲ್ಲಿ ಒಳಗಡೆಯ ಕಾಲಿನ ಮೇಲೆ ಒತ್ತಡ ಬಹಳ. ಹಗುರವಾದ ಸವಾರನು ಕೆಲವು ನಿಮಿಷ ನಡಿಗೆಯಲ್ಲಿ ಕೂರುವುದು 3½ ವರ್ಷದ ಅನಂತರ; ತಿಂಗಳಿಂದ ತಿಂಗಳಿಗೆ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋಗಿ, ಪೂರ್ಣ ಭಾರ, ಡಾಂಬರಿನ ಮೇಲಿನ ನಾಗಾಲೋಟ, ದಿನವಿಡೀ ದುಡಿಮೆ ಇವೆಲ್ಲ 5 ತುಂಬಿದ ಮೇಲೆ. ಇದು ನನ್ನ ಖಚಿತವಾದ ಅಭಿಪ್ರಾಯ.

ಮೇವಿನ ವಿಷಯದಲ್ಲಿಯೂ ಒಂದು ಮಾತು. ಬರಿಯ ಗೋಧಿಬೂಸದ ಮೇಲೆ ಸಾಕಿದ ಮರಿಗೆ ರಂಜಕ ಅತಿಯಾಗಿ, ಸುಣ್ಣದ ಅಂಶ ಕಡಮೆಯಾಗಿ, ದೇಹವು ತನ್ನ ಎಲುಬಿನಿಂದಲೇ ಸುಣ್ಣವನ್ನು ಸೆಳೆದುಕೊಳ್ಳುತ್ತದೆ. ಮುಖದ ಎಲುಬು ಊದಿಕೊಳ್ಳುವ ರೋಗಕ್ಕೆ ಇದೇ ಕಾರಣ. ಹಸಿರು ಹುಲ್ಲು ಧಾರಾಳವಾಗಿರಲಿ. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದ್ದು, ಅದು ಬೆಳೆಯುವ ಪ್ರಾಣಿಯ ಹಲ್ಲನ್ನೂ ಎಲುಬನ್ನೂ ಕೆಡಿಸುವುದರಿಂದ, ಮರಿಗೆ ಕುಡಿಸುವ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಜಟಕಾಗಳು ವಿರಳವಾಗಿರುವ ಈ ದಿನಗಳಲ್ಲಿ ಎಳೆಗುದುರೆಯ ಬೆನ್ನಿಗೆ ಭಾರ ಬೀಳುವುದು ಹೆಚ್ಚಾಗಿ ಮದುವೆಯ ಮೆರವಣಿಗೆಗಳಲ್ಲಿ, ಜಾತ್ರೆಯಲ್ಲಿ ಮಕ್ಕಳನ್ನು ಹತ್ತಿಸುವಲ್ಲಿ. ಬಾಡಿಗೆಗೆ ಕುದುರೆ ಗೊತ್ತುಮಾಡುವ ಮಹನೀಯರು ಮುಂಗಡ ಕೊಡುವ ಮುನ್ನ ಒಡೆಯನಿಂದ ಅದರ ತುಟಿಯನ್ನು ಬಿಡಿಸಿ ನೋಡಲಿ. ಬದಿಯ ಹಾಲುಹಲ್ಲುಗಳು ಇನ್ನೂ ಉಳಿದಿದ್ದರೆ, ವರನನ್ನು ಅದರ ಮೇಲೆ ಕೂರಿಸದೆ ಬೇರೆ ಕುದುರೆಯನ್ನು ಕೇಳಲಿ.