ಗ್ರಂಥಪಾಠ, ಗಣಕ ಮತ್ತು ಸ್ವಂತ ಜಾಲತಾಣ

ಹೊರನಾಡಿನ ಕನ್ನಡ ವಿಭಾಗಗಳು ತಮ್ಮ ಸಂಶೋಧನ ಪ್ರಬಂಧಗಳ ಸೂಚಿಯನ್ನೂ ಸಂಪಾದಿತ ಪಾಠಗಳನ್ನೂ ಜಾಲತಾಣದಲ್ಲಿ ಇರಿಸಬಯಸುವುದು ಸಹಜ. ಆ ತಾಣ ಯಾರ ಅಧೀನದಲ್ಲಿರಬೇಕೆಂಬುದು ಮೊದಲು ಏಳುವ ಪ್ರಶ್ನೆ. ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಸೇವೆಯಲ್ಲಿ ಅಸಂಖ್ಯ ಜನ ಉಚಿತವಾಗಿ ಪುಟಗಳನ್ನು ಕಟ್ಟಿಕೊಂಡಿದ್ದರು. 1999ರಲ್ಲಿ ಅದನ್ನು ಕೊಂಡ ಯಾಹೂ ಸಂಸ್ಥೆ 2009ರ ಅಕ್ಟೋಬರಿನಲ್ಲಿ ಅಲ್ಲಿಯ ಸೇವೆಯನ್ನು ಮುಚ್ಚಿತು. ಸ್ವಯಂಸೇವಕರು ನಕಲು ಮಾಡಿ ಉಳಿಸಿದಷ್ಟು ಉಳಿಯಿತು.

ತಾಣ ಸ್ವಂತದ್ದಾಗಲು ಯಂತ್ರವೂ ಸ್ವಂತದ್ದಾಗಬೇಕೆಂದಿಲ್ಲ. ಮನೆಯ ಗಣಕದಲ್ಲಿ ಲಿನಕ್ಸ್ ಹಾಗೂ ಅಪಾಚೆ ತಂತ್ರಾಂಶಗಳನ್ನು ಅಳವಡಿಸಿ ಪುಟಗಳನ್ನು ಒದಗಿಸಬಹುದು. ಆದರೆ ವಿದ್ಯುತ್ತು ಹೋದೊಡನೆ ತಾಣವೂ ಹೋಗುತ್ತದೆ. ಸಾಮಾನ್ಯ ಗೃಹಸಂಪರ್ಕದ ಐಪಿ ವಿಳಾಸವೂ ಆಗಾಗ ಬದಲಾಗುತ್ತದೆ. ಬಾಡಿಗೆಯ ಸರ್ವರ್ ಸಾಕು. ವಿಭಾಗದ ಹೆಸರಿನಲ್ಲೇ ನೋಂದಾಯಿಸಿದ ಡೊಮೈನ್ ಮತ್ತು ಕೈಯಲ್ಲಿರುವ ಮೂಲಪ್ರತಿ, ಇವೆರಡಿದ್ದರೆ ಸರ್ವರನ್ನು ಬದಲಿಸಿದರೂ ಓದುಗರ ಪಾಲಿಗೆ ವಿಳಾಸ ಬದಲಾಗದು.

ಇನ್ನು ಕಲಿಕೆಯ ಮಾತು. ಉದ್ಯೋಗದ ಮಾರುಕಟ್ಟೆ ಹೇಳುವ ಕ್ರಮ ಸಾಹಿತ್ಯದ ವಿದ್ಯಾರ್ಥಿಗೆ ಹೊಂದುವುದಿಲ್ಲ. ಪಾಠದ ಅಗತ್ಯವೇ ಆಯ್ಕೆಯನ್ನು ನಿರ್ಧರಿಸಬೇಕು. ಪುಟರಚನೆಗೆ ಎಚ್‌ಟಿಎಂಎಲ್ ಮೊದಲು. ಅನಂತರ ಪೈಥಾನ್. ಏಕೆಂದರೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕಡತಗಳನ್ನು ಯೂನಿಕೋಡಿಗೆ ತರುವುದೇ ಅನೇಕರ ಮೊದಲ ಕೆಲಸ. ಆ ಕಡತಗಳಲ್ಲಿರುವುದು ಅಕ್ಷರವಲ್ಲ, ಅಕ್ಷರದ ಆಕಾರಖಂಡಗಳು. 'ಧರ್ಮ' ಎಂಬಲ್ಲಿ ಅರ್ಕಾವೊತ್ತು ಅಲ್ಲಿ ಮಕಾರದ ಬಳಿಕ ನಿಂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರವೇ ಮುಂದು. ಈ ಸ್ಥಾನಪಲ್ಲಟವನ್ನು ಕ್ರಮವಿಧಿಯಲ್ಲಿ ಬರೆಯಲು ವ್ಯಾಕರಣ ಬಲ್ಲವನೇ ಬೇಕು.

ಎಣಿಕೆಯಲ್ಲೂ ಎಚ್ಚರ ಅವಶ್ಯ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ 'ಕ್ಷ' ಪೈಥಾನ್ ಲೆಕ್ಕದಲ್ಲಿ ಮೂರು: ಕಕಾರ, ವಿರಾಮಚಿಹ್ನೆ, ಷಕಾರ. ಇದನ್ನರಿಯದೆ ಛಂದಸ್ಸಿನ ಮಾತ್ರೆಗಳನ್ನು ಗಣಕದಿಂದ ಎಣಿಸಹೊರಟರೆ ಫಲಿತ ಹಾಸ್ಯಾಸ್ಪದವಾದೀತು. ಹಳಗನ್ನಡದ ೞಕಾರದ ಸ್ಥಿತಿ ಇನ್ನೂ ವಿಚಿತ್ರ. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ 'ಫಾ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿಯ ನಿಯಮ; ಹೀಗಾಗಿ ಸರಿಯಾದ ಹೆಸರು ಪರ್ಯಾಯವಾಗಿ ಮಾತ್ರ ಸೇರಿದೆ. ಸಂಕೇತವೇನೋ ಸರಿಯಾಗಿದೆ, ಬಳಕೆಗೆ ಬಾಧಕವಿಲ್ಲ.

ಗ್ರಂಥಸೂಚಿ ಸಾವಿರಾರು ನಮೂದುಗಳಿಗೆ ಬೆಳೆದು ಹಲವು ಬಗೆಯ ಹುಡುಕಾಟ ಬೇಕಾದಾಗ ಎಸ್‌ಕ್ಯೂಎಲ್ ಕಲಿಯಬಹುದು. ಜಾವಾಸ್ಕ್ರಿಪ್ಟ್ ಅಲ್ಲಿಯವರೆಗೆ ಕಾಯಬಲ್ಲುದು.