ಮಾರಿಯೊ ಬಲಕ್ಕ ಹೋಗವಲ್ಲ ರೀ!

ಯಾದಗಿರಿ ಜಿಲ್ಲೆಯನ್ನು ಪರಿಚಯಿಸುವ ಲೇಖನಗಳು ಯಾದಗಿರಿಯ ಕೋಟೆ ಹತ್ತುತ್ತವೆ, ಶಹಾಪುರದಲ್ಲಿ ಮಲಗಿದ ಬುದ್ಧನ ಬೆಟ್ಟ ತೋರಿಸುತ್ತವೆ, ಸುರಪುರಕ್ಕೆ ಬಂದು ನಾಯಕ ಅರಸರ ಕಾಲದ ಚಿತ್ರಕಲೆಯನ್ನು ಕೊಂಡಾಡುತ್ತವೆ. ಕೊಂಡಾಡಬೇಕಾದದ್ದೇ. ಆದರೆ ಇವೇ ಊರುಗಳ ಬಜಾರಿನಲ್ಲಿ ಯಾರೂ ಬರೆಯದ ಒಂದು ಕೈಕೆಲಸ ಇದೆ. ರೇಡಿಯೊ, ಟಿವಿ ರಿಪೇರಿಯಿಂದ ಶುರುವಾಗಿ ಈಗ ಮೊಬೈಲಿಗೆ ಬಂದು ನಿಂತ ಮೇಜುಗಳ ಮೇಲೆ, ಮಿಕ್ಸರ್ ಮೋಟಾರು ಮತ್ತು ಒಡೆದ ಫೋನುಗಳ ನಡುವೆ, ಹಳೆಯ ವಿಡಿಯೊ ಗೇಮಿನ ‘ರಿಮೋಟ್’ ಬಿಚ್ಚಿಟ್ಟುಕೊಂಡು ಮಾಡುವ ಕೆಲಸ. ಇಂಗ್ಲಿಷಿನವರು ಕಂಟ್ರೋಲರ್ ಎನ್ನಲಿ, ನಮ್ಮ ಹುಡುಗರಿಗೆ ಅದು ರಿಮೋಟು, ಆಟ ತುಂಬಿದ ಡಬ್ಬಿ ಕ್ಯಾಸೆಟ್ಟು.

ಇದೊಂದನ್ನೇ ಮಾಡುತ್ತೇವೆಂದು ಬೋರ್ಡ್ ಹಾಕಿಕೊಂಡ ಅಂಗಡಿಯನ್ನು ಹುಡುಕಬೇಡಿ. ಗಿರಾಕಿ ತರುವ ದೂರು ಮಾತ್ರ ಸ್ಪಷ್ಟ: “ಉಸ್ತಾದ್, ಮಾರಿಯೊ ಎಡಕ್ಕ ಹೋಗ್ತಾನ, ಬಲಕ್ಕ ಹೋಗವಲ್ಲ ನೋಡ್ರಿ.” ತೊಂಬತ್ತರ ದಶಕದಿಂದ ನಮ್ಮ ಮನೆಗಳಿಗೆ ಬಂದ ‘ಟಿವಿ ಗೇಮ್’ಗಳಲ್ಲಿ ಬಹುಪಾಲು ಒಂದೇ ಯಂತ್ರದ ನಕಲುಗಳು. ಮೂಲ ಯಂತ್ರ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್. ಮೊದಲು ತಯಾರಾದವುಗಳ ರಿಮೋಟಿನಲ್ಲಿ ಎ ಮತ್ತು ಬಿ ಬಟನ್‌ಗಳು ಚೌಕಾಕಾರದ ರಬ್ಬರಿನವು. ಒತ್ತಿದರೆ ಒಳಗೇ ಸಿಕ್ಕಿಕೊಳ್ಳುತ್ತಿದ್ದವು. ಕಂಪನಿ ಅವನ್ನು ಬಿಟ್ಟು ದುಂಡನೆಯ ಪ್ಲಾಸ್ಟಿಕ್ ಬಟನ್‌ಗೆ ಬರಬೇಕಾಯಿತು. ರಿಮೋಟಿನ ಕಾಯಿಲೆ ರಿಮೋಟಿನ ಜೊತೆಗೇ ಹುಟ್ಟಿದ್ದು.

ಬಿಚ್ಚಿ ನೋಡಿದರೆ ಒಳಗಿರುವುದು ಬಹಳ ಸರಳ. ಮೇಲೆ ಪ್ಲಾಸ್ಟಿಕ್ ಬಟನ್, ಅದರ ಕೆಳಗೆ ಗುಮ್ಮಟದಂಥ ರಬ್ಬರ್, ರಬ್ಬರಿನ ಹೊಟ್ಟೆಯಲ್ಲಿ ಕಪ್ಪು ಕಾರ್ಬನ್ ಬಿಲ್ಲೆ. ಬೋರ್ಡಿನ ಮೇಲೆ ಎರಡು ಬಾಚಣಿಗೆಗಳ ಹಲ್ಲು ಒಂದರೊಳಗೊಂದು ತೂರಿದಂತೆ, ಆದರೆ ತಾಗದಂತೆ, ಎರಡು ಪಟ್ಟಿಗಳು. ಒತ್ತಿದಾಗ ಕಾರ್ಬನ್ ಬಿಲ್ಲೆ ಎರಡನ್ನೂ ಸೇರಿಸುತ್ತದೆ. ಬಿಟ್ಟಾಗ ರಬ್ಬರು ತಾನೇ ಮೇಲೇಳುತ್ತದೆ. ನಿಮ್ಮ ಟಿವಿ ರಿಮೋಟಿನ ಒಳಗೂ ಇದೇ ಏರ್ಪಾಡು. ಹಾಗಾಗಿಯೇ ಟಿವಿ ರಿಪೇರಿಯವರ ಕೈಗೆ ಗೇಮಿನ ರಿಮೋಟ್ ಹೊಸದೆನಿಸುವುದಿಲ್ಲ.

ನಮ್ಮ ಕಡೆ ಇದು ಕೆಡುವುದಕ್ಕೆ ಕಾರಣಗಳು ಎದುರಿಗೇ ಇವೆ. ಬೇಸಿಗೆಯ ಬಿಸಿಲಿಗೆ ರಬ್ಬರು ಗಟ್ಟಿಯಾಗುತ್ತದೆ. ತೊಗರಿ ರಾಶಿಯ ದಿನಗಳ ಧೂಳು ಎಲ್ಲಿ ಸಂದಿಯಿದೆಯೋ ಅಲ್ಲಿ ಇಳಿಯುತ್ತದೆ. ಆಡುವ ಕೈಯ ಬೆವರು ಆ ಧೂಳನ್ನು ಅಂಟಿಸಿಬಿಡುತ್ತದೆ. ಮೊದಲ ಚಿಕಿತ್ಸೆ ಅದನ್ನು ತೊಳೆಯುವುದೇ. ಮೊಬೈಲ್ ಅಂಗಡಿಯ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರಾವಣದಲ್ಲಿ ಹತ್ತಿ ಅದ್ದಿ ಬೋರ್ಡನ್ನು ಒರೆಸಬೇಕು, ಕಾರ್ಬನ್ ಬಿಲ್ಲೆಯನ್ನು ಬಿಳಿ ಹಾಳೆಯ ಮೇಲೆ ಮೆಲ್ಲಗೆ ಉಜ್ಜಬೇಕು. ಮರಳು ಕಾಗದ ಬೇಡ. ಕಾರ್ಬನ್ನಿನ ಪದರವೇ ಎದ್ದುಹೋಗುತ್ತದೆ. ಮನೆಯಲ್ಲಿ ಹುಡುಗರು ಬಿಲ್ಲೆಗೆ ಪೆನ್ಸಿಲ್ ತಿಕ್ಕುತ್ತಾರಲ್ಲ, ಅದು ಸುಳ್ಳು ವೈದ್ಯವಲ್ಲ. ಪೆನ್ಸಿಲಿನ ಗ್ರಾಫೈಟ್‌ನಲ್ಲಿ ಕರೆಂಟು ಹರಿಯುತ್ತದೆ. ಬಾಳಿಕೆ ಮಾತ್ರ ಕಡಿಮೆ. ಬಿಲ್ಲೆ ಪೂರ್ತಿ ಸವೆದಿದ್ದರೆ ಬಿಸಾಕಿದ ಟಿವಿ ರಿಮೋಟಿನಿಂದ ಒಂದನ್ನು ಕತ್ತರಿಸಿ ಅಂಟಿಸುವುದೇ ಸರಿಯಾದ ದಾರಿ. ಒಳ್ಳೆಯ ಮೆಕ್ಯಾನಿಕ್‌ನ ಡ್ರಾಯರಿನಲ್ಲಿ ಸತ್ತ ರಿಮೋಟ್‌ಗಳು ಇರುವುದು ಇದಕ್ಕೇ.

ಒಂದು ಬಟನ್ ಸತ್ತರೆ ರಬ್ಬರನ್ನು ನೋಡಬೇಕು. ಇಡೀ ರಿಮೋಟ್ ಸತ್ತರೆ ಕೇಬಲ್ಲನ್ನು. ಈ ಎರಡನೆಯದೇ ಉಸ್ತಾದನ ನಿಜವಾದ ಪರೀಕ್ಷೆ.

ನಿಂಟೆಂಡೊ ಮಾದರಿಯ ರಿಮೋಟಿನಲ್ಲಿ ಬಟನ್ ಎಂಟು, ಆದರೆ ತಂತಿ ಐದೇ. ಎರಡು ಕರೆಂಟಿಗೆ: 5 ವೋಲ್ಟ್ ಮತ್ತು ಗ್ರೌಂಡ್. ಉಳಿದ ಮೂರರ ಹೆಸರು ಲ್ಯಾಚ್, ಕ್ಲಾಕ್, ಡೇಟಾ. ಲ್ಯಾಚ್ ತಂತಿಯಲ್ಲಿ ಸೂಚನೆ ಬಂದ ಕ್ಷಣ, ರಿಮೋಟಿನೊಳಗಿನ 4021 ಎಂಬ ಐಸಿ ಎಂಟೂ ಬಟನ್‌ಗಳ ಸ್ಥಿತಿಯನ್ನು ಒಂದೇ ಏಟಿಗೆ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಕ್ಲಾಕ್ ಮಿಡಿದಂತೆಲ್ಲ ಒಂದೊಂದಾಗಿ ಡೇಟಾ ತಂತಿಯಲ್ಲಿ ಹೇಳುತ್ತ ಹೋಗುತ್ತದೆ: ಮೊದಲು ಎ, ಆಮೇಲೆ ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ನಮ್ಮ ದೇಶದ ಪಾಲ್ (PAL) ಪದ್ಧತಿಯ ಟಿವಿಗೆ ಹೊಂದಿಸಿದ ಯಂತ್ರಗಳಲ್ಲಿ ಈ ವಿಚಾರಣೆ ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ ನಡೆಯುತ್ತದೆ. ಸರದಿ ಗೊತ್ತಿದ್ದವನಿಗೆ ದೂರಿನಲ್ಲೇ ಅರ್ಧ ಉತ್ತರ ಸಿಗುತ್ತದೆ. ಎ ಒತ್ತಿದರೆ ಎಲ್ಲ ಬಟನ್ ಒತ್ತಿದಂತಾಗಿ, ಉಳಿದ ಏಳು ಮೂಕವಾಗಿದ್ದರೆ ಕ್ಲಾಕ್ ತಂತಿಯ ಮೇಲೆ ಮೊದಲ ಅನುಮಾನ. ಕ್ಲಾಕ್ ಮಿಡಿಯದಿದ್ದರೆ ಸರದಿ ಮುಂದೆ ಸಾಗದು, ಯಂತ್ರ ಎಂಟು ಸಲ ಕೇಳಿದರೂ ಎ ಕಥೆಯೇ ಎಂಟು ಸಲ ಬರುತ್ತದೆ. ಮಲ್ಟಿಮೀಟರನ್ನು ಬೀಪ್‌ಗಿಟ್ಟು ಐದೂ ತಂತಿಗಳನ್ನು ಆ ತುದಿಯಿಂದ ಈ ತುದಿಗೆ ಮುಟ್ಟಿಸಿ, ಕೇಬಲ್ ಅಲ್ಲಾಡಿಸಿದರೆ ತುಂಡಾದದ್ದು ಸಿಕ್ಕಿಬೀಳುತ್ತದೆ. ಸಾಮಾನ್ಯವಾಗಿ ಅದು ಕೇಬಲ್ ರಿಮೋಟಿನೊಳಗೆ ಹೋಗುವ ಮಡಿಕೆಯಲ್ಲೇ ಇರುತ್ತದೆ. ಆಟ ಮುಗಿದ ಮೇಲೆ ವೈರನ್ನು ರಿಮೋಟಿಗೇ ಬಿಗಿಯಾಗಿ ಸುತ್ತಿಡುವ ಅಭ್ಯಾಸ ಅಲ್ಲಿಯೇ ಪೆಟ್ಟು ಕೊಡುತ್ತದೆ. ಅಷ್ಟು ಉದ್ದ ಕತ್ತರಿಸಿ, ಮತ್ತೆ ಬೆಸುಗೆ ಹಾಕಿದರೆ ಕೆಲಸ ಮುಗಿಯಿತು.

ಅಗ್ಗದ ನಕಲುಗಳಲ್ಲಿ ಒಂದು ತೊಡಕಿದೆ. ಅವುಗಳಲ್ಲಿ 4021 ಐಸಿಯ ಬದಲು ಬೋರ್ಡಿಗೇ ಸುರಿದ ಕಪ್ಪು ಅಂಟಿನ ಬೊಟ್ಟು ಇರುತ್ತದೆ, ಅದರೊಳಗೆ ಚಿಪ್. ಅದು ಸುಟ್ಟರೆ ಬಿಚ್ಚಿ ಬದಲಿಸುವಂತಿಲ್ಲ, ಬೋರ್ಡನ್ನೇ ಬದಲಿಸಬೇಕು.

ಇನ್ನೊಂದು ದೂರು ರಿಪೇರಿಯೇ ಇಲ್ಲದ್ದು. ಬಾತುಕೋಳಿ ಹೊಡೆಯುವ ಆಟದ ಗನ್ ಹೊಸ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುತ್ತಿಲ್ಲ ಎಂದು ಜನ ತರುತ್ತಾರೆ. ಗನ್ ಕೆಟ್ಟಿರುವುದಿಲ್ಲ. ಟ್ರಿಗರ್ ಒತ್ತಿದೊಡನೆ ಪರದೆ ಕಪ್ಪಾಗಿ ಗುರಿಯ ಜಾಗ ಮಾತ್ರ ಬೆಳ್ಳಗೆ ಮಿಂಚುತ್ತದೆ. ಆ ಬೆಳಕನ್ನು ಗನ್ನಿನೊಳಗಿನ ಸೆನ್ಸರ್ ಹಿಡಿಯಬೇಕು. ಅದು ಹಳೆಯ ದಪ್ಪ ಟಿವಿಯ ಪಿಕ್ಚರ್ ಟ್ಯೂಬಿಗೇ ಲೆಕ್ಕ ಹಾಕಿ ಮಾಡಿದ್ದು. ಇದನ್ನು ತಿಳಿಸಿ ದುಡ್ಡು ತೆಗೆದುಕೊಳ್ಳದೆ ವಾಪಸು ಕಳಿಸುವವನನ್ನು ನಾನು ಒಳ್ಳೆಯ ಉಸ್ತಾದ್ ಎನ್ನುತ್ತೇನೆ.

ಆಮೇಲೆ ಬಂದದ್ದು ಪ್ಲೇಸ್ಟೇಷನ್ 2. ಜಪಾನಿನಲ್ಲಿ 2000ರ ಮಾರ್ಚ್ 4ರಂದು ಬಂದ ಈ ಯಂತ್ರದ ರಿಮೋಟಿನಲ್ಲಿ ರಬ್ಬರಿನ ಕೆಳಗೆ ಗಟ್ಟಿ ಬೋರ್ಡಿಲ್ಲ, ತೆಳ್ಳನೆಯ ಫ್ಲೆಕ್ಸ್ ಪಟ್ಟಿ ಇದೆ. ಆ ಪಟ್ಟಿಯ ತುದಿಯನ್ನು ಬೋರ್ಡಿಗೆ ಒತ್ತಿ ಹಿಡಿಯುವುದು ಒಂದು ಚೂರು ಫೋಮು. ವರ್ಷಗಳಲ್ಲಿ ಫೋಮು ಚಪ್ಪಟೆಯಾಗುತ್ತದೆ, ಬಟನ್‌ಗಳು ತಾವೇ ಒತ್ತಿಕೊಳ್ಳತೊಡಗುತ್ತವೆ. ಹೊಸ ಫೋಮಿನ ತುಂಡು ಅಥವಾ ಎರಡು ಪದರ ಟೇಪು ಸಾಕು. ಆಟದೊಳಗಿನ ಮನುಷ್ಯ ತಾನಾಗಿಯೇ ಒಂದು ಕಡೆ ನಡೆಯುತ್ತಿದ್ದರೆ, ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್ಕಿನ ಒಳಗಿನ ಕಾರ್ಬನ್ ಪಥ ಸವೆದಿದೆ ಎಂದರ್ಥ. ಸ್ಪ್ರೇ ಹೊಡೆದರೆ ಕೆಲವು ದಿನ ನಡೆಯುತ್ತದೆ, ಸ್ಟಿಕ್ ಬದಲಿಸಿದರೆ ಮಾತ್ರ ಪಕ್ಕಾ. ಸಾಮಾನ್ಯ ಸ್ಟಿಕ್ಕಿಗೆ 14 ಕಡೆ ಬೆಸುಗೆ ಇರುತ್ತದೆ. ಅಷ್ಟನ್ನೂ ಬೋರ್ಡಿನ ಪಟ್ಟಿ ಕೀಳದಂತೆ ಬಿಡಿಸುವ ಕೈ ಸುಮ್ಮನೆ ಬರುವುದಿಲ್ಲ.

ಬಿಡಿಭಾಗದ ವಿಷಯದಲ್ಲಿ ಯಾದಗಿರಿಗೆ ಒಂದು ಅನುಕೂಲವಿದೆ. ಮುಂಬಯಿ–ಚೆನ್ನೈ ರೈಲು ಮಾರ್ಗ ಊರಿನ ಮೂಲಕವೇ ಹಾದಿದೆ. ಹೈದರಾಬಾದಿನ ಕೋಠಿಯ ಎಲೆಕ್ಟ್ರಾನಿಕ್ಸ್ ಬಜಾರು ನಮಗೆ ಬೆಂಗಳೂರಿನ ಎಸ್‌.ಪಿ. ರೋಡಿಗಿಂತ ಹತ್ತಿರ. ಶಹಾಪುರ, ಸುರಪುರದ ಬಜಾರಿನವರು ಬಸ್ಸನ್ನೇ ನಂಬಬೇಕು. ಆದರೂ ಇಷ್ಟು ಹಳೆಯ ಯಂತ್ರಗಳಿಗೆ ಕಂಪನಿಯ ಹೊಸ ಸ್ಪೇರ್ ಯಾವ ಬಜಾರಿನಲ್ಲೂ ಸಿಗುವುದು ಕಷ್ಟ. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ‘ರಿಪೇರಿ ಹಕ್ಕು’ ಪೋರ್ಟಲ್ ತೆರೆಯಿತು. ಮೊಬೈಲು, ಫ್ರಿಜ್ಜು, ಟ್ರ್ಯಾಕ್ಟರುಗಳಿಗೆ ಅದು ಬೇಕೇಬೇಕು. ಮೂವತ್ತು ವರ್ಷದ ಟಿವಿ ಗೇಮಿಗೆ ಮಾತ್ರ ಇನ್ನೊಂದು ಸತ್ತ ಟಿವಿ ಗೇಮೇ ಸ್ಪೇರು.

ಹೊಸದೇ ಅಗ್ಗವಾಗಿ ಸಿಗುವಾಗ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಇಂದು ಬರುವ ಅಗ್ಗದ ನಕಲಿನಲ್ಲಿ ಕೂಡಿಸುವ ಚಿಹ್ನೆಯಂಥ ದಿಕ್ಕಿನ ಬಟನ್ ಒತ್ತಿ ನೋಡಿ. ಗುನ್‌ಪೆ ಯೊಕೊಯಿ 1982ರಲ್ಲಿ ನಿಂಟೆಂಡೊಗಾಗಿ ರೂಪಿಸಿದ ಆ ಬಟನ್ ನಡುವೆ ಒಂದು ಉಬ್ಬಿನ ಮೇಲೆ ತೂಗುತ್ತದೆ, ಎಡ ಒತ್ತಿದಾಗ ಬಲ ಏಳುತ್ತದೆ. ಕಳಪೆ ನಕಲುಗಳಲ್ಲಿ ಆ ತೂಗಾಟವೇ ಇರುವುದಿಲ್ಲ. ತೊಳೆದು, ರಬ್ಬರ್ ಬದಲಿಸಿದ ಹಳೆಯ ರಿಮೋಟೇ ಬೆರಳಿಗೆ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಲಾಭವೂ ಇದೆ. ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಓದುವ ನಮ್ಮ ಹುಡುಗ ಹುಡುಗಿಯರಿಗೆ ಮೊದಲ ಬೆಸುಗೆ ಕಲಿಯಲು ಇದಕ್ಕಿಂತ ಒಳ್ಳೆಯ ವಸ್ತುವಿಲ್ಲ. ವೋಲ್ಟೇಜು ಐದೇ, ಶಾಕ್ ಹೊಡೆಯುವ ಭಯವಿಲ್ಲ, ತಪ್ಪಾದರೆ ಕಣ್ಣಿಗೆ ಕಾಣುತ್ತದೆ.

ನಿಮ್ಮ ಅಟ್ಟದ ಮೇಲೆ ಅಂಥದ್ದೊಂದು ಪೆಟ್ಟಿಗೆ ಇದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಥಿನ್ನರು, ಪೆಟ್ರೋಲು ಹಾಕಿ ನೀವೇ ತೊಳೆಯಲು ಹೋಗಬೇಡಿ, ಪ್ಲಾಸ್ಟಿಕ್ ಹಾಳಾಗುತ್ತದೆ. ರಿಪೇರಿ ಅಂಗಡಿಗೆ ಒಯ್ಯಿರಿ. ನಿಮ್ಮದು ಸರಿಹೋಗದಷ್ಟು ಕೆಟ್ಟಿದ್ದರೆ ಅಲ್ಲೇ ಬಿಟ್ಟು ಬನ್ನಿ, ಅದರ ರಬ್ಬರು, ತಂತಿ, ಬಟನ್ ಇನ್ನೊಬ್ಬರ ರಿಮೋಟಿಗೆ ಬೇಕಾಗುತ್ತವೆ.